ಮುಂಬಯಿಯ ಕೂಡ್‌ಗಳು

ಮುಂಬಯಿಗೆ ದುಡಿಯಲು ಬಂದ ಗೋವಾದ ಕ್ಯಾಥೊಲಿಕರು ಊರಿಗೊಂದರಂತೆ ಕಟ್ಟಿಕೊಂಡ ವಸತಿ ಸಂಘಗಳು. ‘ಕೂಡ್’ ಎಂದರೆ ಕೊಂಕಣಿಯಲ್ಲಿ ಕೋಣೆ. 19ನೇ ಶತಮಾನದಿಂದ ಇವು ಧೋಬಿ ತಲಾವ್, ಮಝಗಾಂವ್ ಸುತ್ತಮುತ್ತ ಬೆಳೆದವು. ಮೆಟ್ರೊ ಚಿತ್ರಮಂದಿರದ ಬಳಿಯ ಜೇರ್ ಮಹಲ್ ಅವುಗಳಿಗೆ ಹೆಸರಾದ ಕಟ್ಟಡ.

ಹಡಗಿನ ಕೆಲಸಗಾರರು, ಅಡುಗೆಯವರು, ಬ್ಯಾಂಡಿನ ವಾದ್ಯಗಾರರು ಇಲ್ಲಿ ಅಲ್ಪ ಹಣಕ್ಕೆ ತಂಗುತ್ತಿದ್ದರು. ಗೋಡೆಯುದ್ದಕ್ಕೂ ಟ್ರಂಕುಗಳ ಸಾಲು, ರಾತ್ರಿ ನೆಲದ ಮೇಲೆ ಹಾಸಿಗೆ, ಒಂದು ಬದಿಗೆ ಊರಿನ ಪಾಲಕ ಸಂತರ ಪೀಠ. ಸಂಜೆಯಾದರೆ ಎಲ್ಲರೂ ಅದರ ಮುಂದೆ ಕೂತು ಜಪಸರ ಪ್ರಾರ್ಥನೆ ಮಾಡಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಕೈಯಲ್ಲಿ ಕೆಲಸವಿಲ್ಲದೆ ಹಡಗಿಗಾಗಿ ಕಾಯುವ ಹುಡುಗನಿಗೆ ಆ ಪ್ರಾರ್ಥನೆ ಕೊಟ್ಟ ಧೈರ್ಯ ಸಣ್ಣದಲ್ಲ. ಅವನು ಸಮುದ್ರದ ಮೇಲಿದ್ದಾಗಲೂ ಟ್ರಂಕು ಇಲ್ಲಿ ಭದ್ರವಾಗಿರುತ್ತಿತ್ತು. ಸಂತರ ಹಬ್ಬ ಬಂದರೆ ಇಡೀ ಊರೇ ಆ ಕೋಣೆಯಲ್ಲಿ ನೆರೆಯುತ್ತಿತ್ತು.

ಕೊಂಕಣಿಯ ನಾಟಕ ಪ್ರಕಾರವಾದ ತಿಯಾತ್ರ್ ಮೊದಲು ರಂಗಕ್ಕೆ ಬಂದದ್ದೂ ಇದೇ ವಲಸಿಗರ ಮುಂಬಯಿಯಲ್ಲಿ, 1892ರ ಏಪ್ರಿಲ್ 17ರಂದು.

ನಮ್ಮ ಕರಾವಳಿಯವರ ಹಾದಿ ಬೇರೆ. ಮಂಗಳೂರಿನ ಕ್ಯಾಥೊಲಿಕರು 1916ರಲ್ಲಿ ಮುಂಬಯಿಯಲ್ಲಿ ತಮ್ಮವರ ಉಳಿತಾಯ, ಸಾಲಕ್ಕಾಗಿ ಸಹಕಾರಿ ಪತ್ತಿನ ಸಂಘವನ್ನು ಹುಟ್ಟುಹಾಕಿದರು. ಅದೇ ಇಂದಿನ ಮಾಡೆಲ್ ಸಹಕಾರಿ ಬ್ಯಾಂಕ್.