ಸಾಲದ ಪುಟದಲ್ಲಿ ಸಿಕ್ಕ ಮೂಲಪುರುಷ: ಸಿಲೋನಿನ ಬರ್ಗರ್ ವಂಶಾವಳಿಗಳಲ್ಲಿ ಜರ್ಮನ್ ಸೈನಿಕ

ಶ್ರೀಲಂಕಾದ ಡಚ್ ಬರ್ಗರ್ ಮನೆತನಗಳ ವಂಶಾವಳಿಗಳು ಬಹುಮಟ್ಟಿಗೆ ಒಂದೇ ಬಗೆಯಲ್ಲಿ ತೊಡಗುತ್ತವೆ. ಮೊದಲ ಸಾಲಿನಲ್ಲಿ ಒಬ್ಬ ಗಂಡಸಿನ ಹೆಸರು, ಆತ ಹುಟ್ಟಿದ ಯುರೋಪಿನ ಊರು, ಅವನನ್ನು ತಂದ ಹಡಗು, ಬಂದಿಳಿದ ವರ್ಷ. ಎರಡನೆಯ ಸಾಲಿನಲ್ಲಿ ಅವನ ಮದುವೆ. ‘ಡಚ್ ಬರ್ಗರ್’ ಎಂಬ ಹೆಸರಿನಿಂದಾಗಿ ಆ ಊರು ಹಾಲೆಂಡಿನದೇ ಇರಬೇಕೆಂದು ನಾವು ಅಂದುಕೊಳ್ಳುತ್ತೇವೆ. ಆದರೆ ಎಷ್ಟೋ ಮನೆತನಗಳಲ್ಲಿ ಅದು ಹ್ಯಾನೋವರ್, ಹೆಸ್ಸೆ, ಸ್ಯಾಕ್ಸನಿ, ವುರ್ಟೆಂಬರ್ಗ್ ಸೀಮೆಗಳ ಊರು; ಬಂದವನು ಡಚ್ ಈಸ್ಟ್ ಇಂಡಿಯಾ ಕಂಪನಿಯ ಸಂಬಳದ ಸಿಪಾಯಿ. ಕಂಪನಿ 1656ರಲ್ಲಿ ಪೋರ್ಚುಗೀಸರಿಂದ ಕೊಲಂಬೊ ಗೆದ್ದುಕೊಂಡು 1796ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟಿತು. ಈ ನೂರನಾಲ್ವತ್ತು ವರ್ಷಗಳಲ್ಲಿ ಕೊಲಂಬೊ, ಗಾಲೆ, ಮಾತರ, ಜಾಫ್ನಾಗಳಲ್ಲಿ ನೆಲೆನಿಂತವರ ಸಂತತಿಯ ಚರಿತ್ರೆಯನ್ನು ಕಟ್ಟುವಾಗ ಜರ್ಮನ್ ಸೈನಿಕ ಇಷ್ಟು ಸುಲಭವಾಗಿ ಹೇಗೆ ಸಿಗುತ್ತಾನೆ, ಅವನ ಪಕ್ಕದ ಹೆಂಗಸು ಏಕೆ ಸಿಗುವುದಿಲ್ಲ ಎಂಬುದು ಇಲ್ಲಿನ ಪ್ರಶ್ನೆ.

ಕಂಪನಿ 1602ರಿಂದ ಸುಮಾರು ಎರಡು ಶತಮಾನಗಳಲ್ಲಿ ಹತ್ತು ಲಕ್ಷದಷ್ಟು ಜನರನ್ನು ಏಷ್ಯಾಕ್ಕೆ ಸಾಗಿಸಿತು. ಮರಳಿ ಯುರೋಪು ಕಂಡವರು ಅವರಲ್ಲಿ ಅರ್ಧಕ್ಕಿಂತ ಕಡಿಮೆ. ಇಂಥ ಪ್ರಯಾಣಕ್ಕೆ ಬೇಕಾದಷ್ಟು ಜನರನ್ನು ಹಾಲೆಂಡ್ ಒಂದೇ ಒದಗಿಸಲಾರದಾಯಿತು. ಜರ್ಮನ್ ಸೀಮೆಗಳ ಜೀತಗಾರರು, ಕಸುಬಿನ ಹುಡುಗರು, ಪಾಲಿಗೆ ಹೊಲ ಬಾರದ ಕಿರಿಮಕ್ಕಳು ಆಮ್‌ಸ್ಟರ್‌ಡ್ಯಾಮಿಗೆ ಬಂದರು. ಹಡಗು ಹೊರಡುವವರೆಗೆ ಅವರಿಗೆ ಊಟ, ವಸತಿ ಕೊಡುತ್ತಿದ್ದವರು ಅದರ ಬದಲಿಗೆ ಸಾಲಪತ್ರ ಬರೆಸಿಕೊಳ್ಳುತ್ತಿದ್ದರು. ಊರಿನ ಜನ ಇವರನ್ನು ‘ಆತ್ಮ ಮಾರುವವರು’ ಎಂದು ಕರೆದರು. ಡಚ್ಚಿನಲ್ಲಿ ಚೀಟಿಗೂ ಆತ್ಮಕ್ಕೂ ಇರುವ ಮಾತುಗಳ ಉಚ್ಚಾರ ಹತ್ತಿರ ಹತ್ತಿರ. ಸಾಲದ ಚೀಟಿ ಮಾರುವವನು ಜನರ ಬಾಯಲ್ಲಿ ಆತ್ಮ ಮಾರುವವನಾದ ಎಂಬುದು ಈ ಹೆಸರಿಗೆ ಕೊಡುವ ವಿವರಣೆ.

ವಂಶ ಹುಡುಕುವವನಿಗೆ ಈ ಸಾಲಪತ್ರವೇ ಆಧಾರ. ಕಂಪನಿಯ ಪ್ರತಿ ಹಡಗಿಗೂ ಒಂದು ಸಂಬಳದ ಖಾತೆಪುಸ್ತಕವಿತ್ತು. ಹದಿನೆಂಟನೆಯ ಶತಮಾನದ ಇಂಥ ಸುಮಾರು ಮೂರು ಸಾವಿರ ಪುಸ್ತಕಗಳು ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿವೆ. ಅವುಗಳ ನಮೂದುಗಳನ್ನು ಈಗ ಗಣಕದಲ್ಲಿ ಹೆಸರು ಹಿಡಿದು ಹುಡುಕಬಹುದು. ಒಂದು ಪುಟವನ್ನು ಬಿಡಿಸಿ ನೋಡೋಣ. ಎದುರುಬದುರು ಎರಡು ಹಾಳೆ ಸೇರಿ ಒಬ್ಬ ಮನುಷ್ಯನ ಲೆಕ್ಕ: ಎಡಕ್ಕೆ ಖರ್ಚು, ಬಲಕ್ಕೆ ಜಮೆ. ತಲೆಯಲ್ಲಿ ಹೆಸರು, ಊರು, ಹುದ್ದೆ. ಎಡಗಡೆ ಮೊದಲಿಗೇ ಸಾಲಪತ್ರದ ಮೊತ್ತ, ಬಹುತೇಕ 150 ಗಿಲ್ಡರ್. ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 9 ಗಿಲ್ಡರ್. ಅಂದರೆ ಹಡಗಿನ ಹಲಗೆ ಮೆಟ್ಟುವ ಮುನ್ನವೇ ಅವನ ಹದಿನಾರು ತಿಂಗಳಿಗೂ ಮಿಕ್ಕಿದ ದುಡಿಮೆ ಅಡವಾಗಿತ್ತು. ಊರಿನ ಹೆಂಡತಿಗೋ ತಾಯಿತಂದೆಗೋ ವರ್ಷಕ್ಕೆ ಮೂರು ತಿಂಗಳ ಸಂಬಳ ಸಲ್ಲಲೆಂದು ಬರೆಸಿಟ್ಟಿದ್ದರೆ ಅದೂ ಇಲ್ಲೇ ಇರುತ್ತದೆ. ಕೊನೆಯಲ್ಲಿ ಲೆಕ್ಕ ಮುಗಿದ ದಿನ, ಸ್ಥಳ, ಕಾರಣ: ಸತ್ತ, ಊರಿಗೆ ಮರಳಿದ, ಓಡಿಹೋದ, ಇಲ್ಲವೇ ಸ್ವತಂತ್ರ ನಾಗರಿಕನಾದ. ಸಿಪಾಯಿಯ ಕರಾರು ಐದು ವರ್ಷದ್ದು. ಅದು ಮುಗಿದ ಮೇಲೂ ಸಿಲೋನಿನಲ್ಲೇ ಉಳಿದವನು ಒಂದು ವಂಶದ ಮೂಲಪುರುಷನಾಗುತ್ತಾನೆ. ಅವನ ಹೆಸರನ್ನು ನಮಗೆ ಕಾಪಾಡಿಕೊಟ್ಟದ್ದು ಅವನ ಸಾಲ. ಸಾಲ ತೀರುವವರೆಗೆ ಕಂಪನಿ ಅವನನ್ನು ಮರೆಯುವಂತಿರಲಿಲ್ಲ.

ಆ ಹೆಸರನ್ನು ಹಿಡಿದು ಜರ್ಮನಿಯ ಹಳ್ಳಿಯೊಂದರ ಚರ್ಚಿನ ದಾಖಲೆಗೆ ಹೋಗುವ ಹಾದಿ ಮಾತ್ರ ನೇರವಲ್ಲ. ಡಚ್ ಗುಮಾಸ್ತ ಕಿವಿಗೆ ಬಿದ್ದದ್ದನ್ನು ತನ್ನ ಭಾಷೆಯಲ್ಲಿ ಬರೆದ. ಹೈನ್‌ರಿಶ್ ಹೆಂಡ್ರಿಕ್ ಆದ, ವಿಲ್‌ಹೆಲ್ಮ್ ವಿಲ್ಲೆಮ್ ಆದ, ಶ್ಮಿಟ್ ಸ್ಮಿಟ್ ಆದ. ಕ್ಯೋಲ್ನ್ ಪಟ್ಟಣ ಕ್ಯೋಲನ್ ಆಯಿತು. ಫ್ರಾಂಕ್‌ಫರ್ಟ್ ಎಂದಷ್ಟೇ ಬರೆದಿದ್ದರೆ ಅದು ಮೈನ್ ನದಿಯ ಮೇಲಿನದೋ ಓಡರ್ ನದಿಯ ಮೇಲಿನದೋ ತಿಳಿಯದು; ನೊಯ್‌ಸ್ಟಾಟ್ ಎಂಬ ಊರುಗಳಂತೂ ಹತ್ತಾರು. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಜರ್ಮನ್ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಅಣ್ಣತಮ್ಮಂದಿರಿಗೆಲ್ಲ ಮೊದಲ ಹೆಸರು ಯೋಹಾನ್ ಎಂದೇ ಇಡುವ ರೂಢಿ ಇತ್ತು. ಮನೆಯಲ್ಲಿ ಕರೆಯುತ್ತಿದ್ದುದು ಎರಡನೆಯ ಹೆಸರಿನಿಂದ. ಗುಮಾಸ್ತ ಬರಿಯ ‘ಯಾನ್’ ಎಂದು ಬರೆದುಕೊಂಡರೆ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುತ್ತಿದ್ದ ಗುರುತೇ ಅಳಿಸಿಹೋಗುತ್ತಿತ್ತು. ಹೆಸರು, ಊರು ಎರಡೂ ಹೊಂದಿದವೆಂದು ಅಲ್ಲಿಗೇ ಒಪ್ಪಿಬಿಟ್ಟ ವಂಶಾವಳಿಗಳನ್ನು ನಾನು ನಂಬಲಾರೆ. ಮೂರನೆಯ ಸಾಕ್ಷ್ಯ ಬೇಕು: ಊರಿನಲ್ಲಿ ಹಣ ಪಡೆದವರ ಹೆಸರು, ಮರಣಪತ್ರ, ಇಲ್ಲವೇ ಒಂದು ಸಹಿ.

ಈ ಸೈನಿಕರಲ್ಲಿ ಬರೆದವರು ಇಲ್ಲವೆಂದಲ್ಲ. ನ್ಯೂರೆಂಬರ್ಗಿನ ಯೋಹಾನ್ ಯಾಕೊಬ್ ಸಾರ್ ಕೊಲಂಬೊ ಮುತ್ತಿಗೆಯಲ್ಲಿದ್ದವನು. ಊರಿಗೆ ಮರಳಿ 1662ರಲ್ಲಿ ತನ್ನ ಪ್ರವಾಸಕಥನವನ್ನು ಅಚ್ಚು ಹಾಕಿಸಿದ. ಹೀಗೆ ಬರೆದ ಇನ್ನೊಬ್ಬ, ಕ್ರಿಸ್ಟೋಫ್ ಶ್ವೈಟ್ಸರ್ ಕೂಡ ಮರಳಿದವನೇ. ಉಳಿದವರ ಪಾಲಿಗೆ ಇರುವುದು ಖಾತೆಯ ಪುಟ ಮಾತ್ರ.

ಇಡೀ ರೆಜಿಮೆಂಟನ್ನೇ ಬಾಡಿಗೆಗೆ ತಂದಾಗ ಹುಡುಕಾಟದ ದಾರಿ ಬದಲಾಗುತ್ತದೆ. ವುರ್ಟೆಂಬರ್ಗಿನ ಡ್ಯೂಕ್ ಕಾರ್ಲ್ ಒಯ್ಗೆನ್ 1780ರ ದಶಕದಲ್ಲಿ ಎರಡು ಸಾವಿರದಷ್ಟು ಪ್ರಜೆಗಳನ್ನು ಕಂಪನಿಗೆ ಒಪ್ಪಿಸಿದ. ಮೊದಲು ಕೇಪ್, ಆಮೇಲೆ ಜಾವಾ, ಸಿಲೋನ್. ಮರಳಿದವರು ಬೆರಳೆಣಿಕೆಯಷ್ಟು. ಸ್ವಿಟ್ಜರ್ಲೆಂಡಿನ ನಶಾಟೆಲ್‌ನ ಕೌಂಟ್ ದ ಮ್ಯೂರಾನ್ 1781ರಲ್ಲಿ ಕಟ್ಟಿದ ರೆಜಿಮೆಂಟಿನಲ್ಲೂ ಸ್ವಿಸ್ಸರ ಜೊತೆಗೆ ಜರ್ಮನರಿದ್ದರು. 1795ರಲ್ಲಿ ಬ್ರಿಟಿಷರ ಪರವಾಗಿ ಹ್ಯೂ ಕ್ಲೆಗಾರ್ನ್ ನಡೆಸಿದ ಗುಟ್ಟಿನ ಮಾತುಕತೆಯಿಂದ ಅದು ಡಚ್ಚರನ್ನು ಬಿಟ್ಟು ಬ್ರಿಟಿಷರ ಕಡೆ ಸೇರಿತು, 1799ರಲ್ಲಿ ಟಿಪ್ಪುವಿನ ಮೇಲಿನ ಯುದ್ಧಕ್ಕೆ ಬಂತು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಆ ರೆಜಿಮೆಂಟಿನವರ ಸಮಾಧಿಗಳಿವೆ. ಕೊಲಂಬೊದಲ್ಲಿ ಕಳೆದುಹೋದಂತೆ ಕಾಣುವ ಹೆಸರೊಂದು ಅಲ್ಲಿನ ಕಲ್ಲಿನ ಮೇಲೋ ಬ್ರಿಟಿಷ್ ಸೇನೆಯ ಹಾಜರಿಪಟ್ಟಿಯಲ್ಲೋ ಇರಬಹುದೆಂಬುದನ್ನು ಸಿಲೋನಿನ ವಂಶಶೋಧಕರೂ ನಮ್ಮ ಸ್ಥಳೀಯ ಇತಿಹಾಸಕಾರರೂ ಕೂಡಿ ನೋಡಬೇಕಾಗಿದೆ.

ಇನ್ನು ವಂಶಾವಳಿಯ ಎರಡನೆಯ ಸಾಲು, ಮದುವೆ. ಸಿಪಾಯಿ ಮದುವೆಯಾಗಲು ಕಂಪನಿಯ ಅಪ್ಪಣೆ ಬೇಕಿತ್ತು, ವಧು ಕ್ರೈಸ್ತಳಾಗಿರಬೇಕಿತ್ತು. ಯುರೋಪಿನ ಹೆಂಗಸರು ದ್ವೀಪದಲ್ಲಿ ತೀರ ಕಡಿಮೆ. ವಧು ಪೋರ್ಚುಗೀಸ್ ಸಂತತಿಯವಳೋ ಸಿಂಹಳದವಳೋ ತಮಿಳಿನವಳೋ ಆಗಿರುತ್ತಿದ್ದಳು. ಬಿಡುಗಡೆ ಪಡೆದ ಗುಲಾಮಳೂ ಆಗಿರುತ್ತಿದ್ದಳು. ಗುಲಾಮರಿಗೆ ಮನೆತನದ ಹೆಸರಿಲ್ಲ: ಒಂದು ಕ್ರೈಸ್ತ ಹೆಸರು, ಅದರ ಮುಂದೆ ‘ಬಂಗಾಳದ’, ‘ಮಲಬಾರಿನ’, ‘ಕೋರಮಂಡಲ ಕರಾವಳಿಯ’ ಎಂಬ ಗುರುತು. ಮದುವೆಯ ದಾಖಲೆಯಲ್ಲಿ ‘ಕೊಲಂಬೊದವಳು’ ಎಂದಿದ್ದರೆ ಹುಟ್ಟಿದ ಊರು ತಿಳಿಯಿತೇ ಹೊರತು ತಾಯಿ ಯಾರು ಎಂಬುದಲ್ಲ. ಕಂಪನಿಗೆ ಅವಳು ಸಾಲಗಾರಳಲ್ಲ. ಆದ್ದರಿಂದ ಅವಳ ಹೆಸರಿಗೆ ಪುಟ ತೆರೆಯಲಿಲ್ಲ.

ಆಮೇಲಿನ ಕಾಲ ಈ ಮೌನಕ್ಕೆ ಕಾನೂನಿನ ಬಲ ಕೊಟ್ಟಿತು. ಸಿಲೋನಿನ ಮುಖ್ಯ ನ್ಯಾಯಾಧೀಶ ರಿಚರ್ಡ್ ಆಟ್ಲೆ 1830ರಲ್ಲಿ ವಿಚಾರಣಾ ಆಯೋಗದೆದುರು ಬರ್ಗರ್ ಯಾರೆಂದು ವಿವರಿಸಿದಾಗ ಗಂಡುಸಂತತಿಯನ್ನು ಮಾತ್ರ ಎಣಿಸಿದ: ತಂದೆಯ ಕಡೆಯ ಹಿರಿಯರು ಯುರೋಪಿಯನ್ನರಾಗಿದ್ದರೆ ಸಾಕು, ನಡುವೆ ಬಂದ ದೇಶೀಯ ಸ್ತ್ರೀಯರು ಎಷ್ಟೇ ಇರಲಿ ಲೆಕ್ಕವಿಲ್ಲ. 1908ರಲ್ಲಿ ಹುಟ್ಟಿದ ಡಚ್ ಬರ್ಗರ್ ಯೂನಿಯನ್ ಸದಸ್ಯತ್ವಕ್ಕೂ ಗಂಡುಸಂತತಿಯೇ ಮಾನದಂಡವಾಯಿತು. ಅದರ ಹಿಂದಿದ್ದ ಪತ್ರಾಗಾರ ಅಧಿಕಾರಿ ಆರ್. ಜಿ. ಆಂಥೊನಿಸ್, ಅದರ ಪತ್ರಿಕೆಗೆ ಮನೆತನದ ಮೇಲೆ ಮನೆತನ ಬರೆದುಕೊಟ್ಟ ಡಿ. ವಿ. ಆಲ್ಟೆನ್‌ಡಾರ್ಫ್, ಇಬ್ಬರ ದುಡಿಮೆಗೂ ನಾವು ಋಣಿಗಳು. ಅವರು ಇಲ್ಲದಿದ್ದರೆ ಇಂದು ಮೊದಲ ಸಾಲೂ ಇರುತ್ತಿರಲಿಲ್ಲ. ಆದರೆ 1956ರ ಸಿಂಹಳ ಭಾಷಾ ಕಾಯಿದೆಯ ನಂತರ ಆಸ್ಟ್ರೇಲಿಯಾಕ್ಕೆ ಹೊರಟ ಕುಟುಂಬಗಳಿಗೆ ಇದೇ ವಂಶಾವಳಿಗಳು ಬಿಳಿಯ ಮೂಲದ ಪುರಾವೆಯಾದವು. ಬಿಳಿಯರಿಗಷ್ಟೇ ಬಾಗಿಲು ತೆರೆದ ದೇಶದ ವಲಸೆ ಅಧಿಕಾರಿಯ ಮುಂದೆ ಬಂಗಾಳದ ಅಜ್ಜಿಯನ್ನು ನೆನೆಯುವುದು ಯಾರಿಗೆ ಸಾಧ್ಯವಿತ್ತು? ಅವಳು ಕಾಣೆಯಾದದ್ದು ಬರಿಯ ಮರೆವಿನಿಂದಲ್ಲ.

ಆದರೂ ಅವಳು ಸಂಪೂರ್ಣ ಇಲ್ಲವಾಗಿಲ್ಲ. ಕೊಲಂಬೊ ಪತ್ರಾಗಾರದ ಡಚ್ ಕಡತಗಳಲ್ಲಿ ಮರಣಪತ್ರಗಳಿವೆ, ಗುಲಾಮರ ಬಿಡುಗಡೆ ಪತ್ರಗಳಿವೆ, ಮನೆಮನೆಯ ಜನರನ್ನೂ ಜಮೀನನ್ನೂ ಎಣಿಸಿದ ತೊಂಬೊ ಪುಸ್ತಕಗಳಿವೆ. ಸಿಂಹಳ ಕ್ರೈಸ್ತ ಮನೆಯ ಮಗಳಾದರೆ ತವರು ಅಲ್ಲಿ ಸಿಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಚರ್ಚಿನ ದೀಕ್ಷಾಸ್ನಾನದ ದಾಖಲೆಯಲ್ಲಿ ಮಗುವಿನ ಹೆಸರಿನ ಪಕ್ಕದಲ್ಲಿ ಸಾಕ್ಷಿಗಳ ಅಂಕಣವಿದೆ. ವಂಶಾವಳಿ ಬರೆದವರು ಅದನ್ನು ಸಾಮಾನ್ಯವಾಗಿ ನಕಲು ಮಾಡಿಕೊಳ್ಳಲಿಲ್ಲ. ಸಮುದ್ರದಾಚೆಯಿಂದ ಒಂಟಿಯಾಗಿ ಬಂದ ಸಿಪಾಯಿಗೆ ದ್ವೀಪದಲ್ಲಿ ರಕ್ತಸಂಬಂಧಿಗಳಿರಲಿಲ್ಲ. ಒಡನಾಡಿ ಸಿಪಾಯಿಗಳನ್ನು ಬದಿಗಿಟ್ಟರೆ, ಮಗುವಿನ ಸಾಕ್ಷಿಗಳಾಗಿ ನಿಂತ ಹೆಂಗಸರು ತಾಯಿಯ ಕಡೆಯವರಾಗಿರುವ ಸಂಭವ ಹೆಚ್ಚು: ಅವಳ ತಾಯಿ, ಅಕ್ಕ, ಚಿಕ್ಕಮ್ಮ. ಒಂದೇ ಹೆಸರು ಮೂರು ನಾಲ್ಕು ಮಕ್ಕಳ ದೀಕ್ಷಾಸ್ನಾನದಲ್ಲಿ ಮರುಕಳಿಸಿದರೆ ಆ ಹೆಸರನ್ನು ಹಿಡಿದು ಮರಣಪತ್ರಗಳಿಗೂ ತೊಂಬೊಗಳಿಗೂ ಹೋಗಬೇಕು. ವಂಶಾವಳಿಯ ಎರಡನೆಯ ಸಾಲನ್ನು ಅಲ್ಲಿಂದ ಬರೆಯಲು ತೊಡಗಬಹುದು.