ಅಮೆರಿಕದ ವಿಶೇಷ ಶಿಕ್ಷಣ: ಹೆತ್ತವರ ಹೋರಾಟದ ಇತಿಹಾಸ

ಅಂಗವಿಕಲ ಮಕ್ಕಳಿಗೂ ಸಾರ್ವಜನಿಕ ಶಾಲೆಯಲ್ಲಿ ಜಾಗ ಬೇಕೆಂದು ಅಮೆರಿಕದ ತಂದೆತಾಯಂದಿರು ನಡೆಸಿದ ಹೋರಾಟ ಮುಖ್ಯವಾಗಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ್ದು. ಅಲ್ಲಿನ ವಿಶೇಷ ಶಿಕ್ಷಣದ ಕಾನೂನಿಗೆ ರೂಪ ಕೊಟ್ಟವರಲ್ಲಿ ಶಿಕ್ಷಣತಜ್ಞರಿಗಿಂತ ಇವರದೇ ಮೇಲುಗೈ.

1918ರ ವೇಳೆಗೆ ಎಲ್ಲ ರಾಜ್ಯಗಳಲ್ಲೂ ಕಡ್ಡಾಯ ಶಿಕ್ಷಣದ ಕಾಯ್ದೆ ಬಂದಿತ್ತು. ಮರುವರ್ಷವೇ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ ಒಬ್ಬ ಹುಡುಗನನ್ನು ಶಾಲೆಯಿಂದ ಹೊರಗಿಟ್ಟದ್ದು ಸರಿಯೆಂದಿತು. ಓದಿನಲ್ಲಿ ಅವನು ಹಿಂದೆ ಬಿದ್ದಿರಲಿಲ್ಲ. ಜೊಲ್ಲು ಸುರಿಸುತ್ತಾನೆ, ಮಾತು ತಡವರಿಸುತ್ತದೆ, ನೋಡಿದವರಿಗೆ ಹೇಸಿಗೆಯಾಗುತ್ತದೆ ಎಂಬುದೇ ದೂರು.

ಇಂಥ ಮಕ್ಕಳನ್ನು ಆಶ್ರಮಗಳಿಗೆ ಸೇರಿಸಿ ಸುಮ್ಮನಿರುವುದು ರೂಢಿಯಾಗಿದ್ದ ಕಾಲದಲ್ಲಿ, 1950ರಲ್ಲಿ, ಬುದ್ಧಿಮಾಂದ್ಯ ಮಕ್ಕಳ ಹೆತ್ತವರು ಮಿನಿಯಾಪೊಲಿಸ್‌ನಲ್ಲಿ ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿದರು. ಇಂದಿನ ‘ದಿ ಆರ್ಕ್’ ಅದೇ. ನೊಬೆಲ್ ಪುರಸ್ಕೃತೆ ಪರ್ಲ್ ಬಕ್ ತಮ್ಮ ಮಗಳ ಬಗ್ಗೆ ಬಹಿರಂಗವಾಗಿ ಬರೆದದ್ದೂ ಅದೇ ವರ್ಷ.

ತಿರುವು ಬಂದದ್ದು ಪೆನ್ಸಿಲ್ವೇನಿಯಾದಲ್ಲಿ. ಐದು ವರ್ಷದ ಮಾನಸಿಕ ವಯಸ್ಸು ಮುಟ್ಟದ ಮಗುವನ್ನು ಶಾಲೆ ನಿರಾಕರಿಸಬಹುದೆಂದು ಅಲ್ಲಿನ ಕಾನೂನು ಹೇಳುತ್ತಿತ್ತು. ಹೆತ್ತವರ ರಾಜ್ಯ ಸಂಘ 1971ರಲ್ಲಿ ದಾವೆ ಹೂಡಿತು. ವಕೀಲ ಥಾಮಸ್ ಗಿಲ್‌ಹೂಲ್. ಅವರ ತಮ್ಮನೇ ಸರ್ಕಾರಿ ಆಶ್ರಮವೊಂದರಲ್ಲಿದ್ದ. ಕಪ್ಪು ಮಕ್ಕಳನ್ನು ಬೇರೆ ಶಾಲೆಗೆ ತಳ್ಳುವುದು ಸಂವಿಧಾನಬಾಹಿರವೆಂದ 1954ರ ಬ್ರೌನ್ ತೀರ್ಪು ಅವರ ವಾದದ ಬೆನ್ನೆಲುಬು. ಕಲಿಯಲಾರದ ಮಗುವೇ ಇಲ್ಲ ಎಂಬ ತಜ್ಞರ ಸಾಕ್ಷ್ಯಕ್ಕೆ ಎದುರುತ್ತರ ಸಿಗದೆ ರಾಜ್ಯ ರಾಜಿಗೆ ಬಂತು. 1972ರಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಮಿಲ್ಸ್ ಪ್ರಕರಣದಲ್ಲಿ, ಹಣವಿಲ್ಲವೆಂಬ ನೆಪ ಈ ಮಕ್ಕಳ ಮೇಲೆ ಮಾತ್ರ ಬೀಳಕೂಡದು ಎಂದು ನ್ಯಾಯಾಲಯ ಹೇಳಿತು.

1975ರ ನವೆಂಬರ್ 29ರಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾಯ್ದೆ ಇವುಗಳ ಫಲ. ಸುಮಾರು 10 ಲಕ್ಷ ಮಕ್ಕಳು ಶಾಲೆಯಿಂದ ಪೂರ್ತಿ ಹೊರಗಿದ್ದಾರೆಂದು ಸಂಸತ್ತು ಆಗ ಗುರುತಿಸಿತ್ತು. ಪ್ರತಿ ಮಗುವಿಗೂ ಲಿಖಿತ ಶಿಕ್ಷಣ ಯೋಜನೆ, ಅದನ್ನು ರೂಪಿಸುವ ಸಭೆಯಲ್ಲಿ ಹೆತ್ತವರಿಗೆ ಕುರ್ಚಿ, ಒಪ್ಪಿಗೆಯಾಗದಿದ್ದರೆ ವಿಚಾರಣೆಯ ಹಕ್ಕು ದೊರೆತವು. ಪ್ರತಿ ವಿದ್ಯಾರ್ಥಿಗೆ ತಗಲುವ ರಾಷ್ಟ್ರೀಯ ಸರಾಸರಿ ವೆಚ್ಚದ ಶೇ. 40ರವರೆಗೆ ಕೊಡುವುದಾಗಿ ಒಕ್ಕೂಟ ಸರ್ಕಾರ ಆಡಿದ ಮಾತು ಮಾತ್ರ ಇಂದಿಗೂ ಈಡೇರಿಲ್ಲ.

ಕಾಯ್ದೆ ಪಾಲನೆಯಾಗುತ್ತಿದೆಯೇ ಎಂದು ನೋಡುವ ಕೆಲಸ ಬಹುಪಾಲು ಹೆತ್ತವರ ಹೆಗಲಿಗೇ ಬಿತ್ತು. ವೇಳೆಯೂ ದುಡ್ಡೂ ಇದ್ದವರಿಗೆ ಕಾಯ್ದೆಯ ಲಾಭ ಹೆಚ್ಚು ದಕ್ಕಿತೆನ್ನದೆ ವಿಧಿಯಿಲ್ಲ. ಹಕ್ಕಿಗೆ ಮಿತಿಯೂ ಇತ್ತು: ಸುಪ್ರೀಂ ಕೋರ್ಟಿನ 1982ರ ರೌಲಿ ತೀರ್ಪಿನಲ್ಲಿ ಕಿವುಡ ಬಾಲಕಿಗೆ ತರಗತಿಯಲ್ಲಿ ಸಂಜ್ಞಾಭಾಷೆಯ ದುಭಾಷಿ ಸಿಗಲಿಲ್ಲ. 1986ರ ತಿದ್ದುಪಡಿಯಿಂದ ಗೆದ್ದವರಿಗೆ ವಕೀಲರ ಶುಲ್ಕ ವಾಪಸಾಗತೊಡಗಿತು. ತಜ್ಞರಿಗೆ ಕೊಟ್ಟ ಶುಲ್ಕ ಹಾಗೆ ಬರುವುದಿಲ್ಲವೆಂದು 2006ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಅದಕ್ಕೂ ಮುನ್ನ, 2005ರಲ್ಲಿ, ವಿಚಾರಣೆ ಕೇಳಿದವರೇ ರುಜುವಾತು ಒದಗಿಸಬೇಕೆಂದಾಗಿತ್ತು. ವಕೀಲರಿಲ್ಲದೆ ತಂದೆತಾಯಿಯೇ ಫೆಡರಲ್ ನ್ಯಾಯಾಲಯದಲ್ಲಿ ವಾದಿಸಬಹುದೆಂಬ ಮಾನ್ಯತೆ 2007ರಲ್ಲಿ ಬಂತು.

2017ರ ಎಂಡ್ರೂ ಪ್ರಕರಣದಲ್ಲಿ, ಹೆಸರಿಗಷ್ಟೇ ಪ್ರಗತಿಯಾದರೆ ಸಾಲದು, ಮಗುವಿನ ಸ್ಥಿತಿಗೆ ತಕ್ಕ ಕಲಿಕೆ ಬೇಕೆಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಕೊಲರಾಡೊದ ಆ ಹುಡುಗನನ್ನು ಹೆತ್ತವರು 2010ರಲ್ಲೇ ಖಾಸಗಿ ಶಾಲೆಗೆ ಸೇರಿಸಿದ್ದರು. ಅದರ ಶುಲ್ಕವನ್ನು ಶಾಲಾ ಜಿಲ್ಲೆ ಭರಿಸಬೇಕೆಂಬ ಆದೇಶ ಹೊರಬಿದ್ದದ್ದು 2018ರಲ್ಲಿ.