ವಿದ್ಯಾರ್ಥಿಯ ಕೈಗೆ ಎಟಕುವ ಗಣಕ

ಹಂಪಸಾಗರದಂಥ ಊರಿನಿಂದ ಹಗರಿಬೊಮ್ಮನಹಳ್ಳಿಗೋ ಹೊಸಪೇಟೆಗೋ ಹೋಗಿ ಓದುವ ಮಕ್ಕಳ ಮನೆಗಳಲ್ಲಿ ಈಗ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಕಾಲೇಜಿಗೆಂದು ಲ್ಯಾಪ್‌ಟಾಪ್ ಕೊಳ್ಳುವುದಾದರೆ ಎಂಥದನ್ನು ಕೊಳ್ಳಬೇಕು? ಬೆಳೆ ಮಾರಿ ಬಂದ ಹಣದಲ್ಲಿ ಅದಕ್ಕೊಂದು ಪಾಲು ತೆಗೆದಿಡುವ ಮನೆಗೆ ಇದು ಸಣ್ಣ ಮಾತಲ್ಲ. ತಪ್ಪು ಯಂತ್ರ ಬಂದರೆ ಇನ್ನೊಂದನ್ನು ಕೊಳ್ಳುವ ಹೊತ್ತಿಗೆ ಮಗುವಿನ ಪದವಿಯೇ ಮುಗಿದಿರುತ್ತದೆ. ಆದರೆ ಈ ಪ್ರಶ್ನೆ ನಿಮಗೆ ಮಾತ್ರ ಬಂದುದಲ್ಲ. ಯಂತ್ರ ಮಾಡುವವರೂ ಐವತ್ತು ವರ್ಷಗಳಿಂದ ಇದರೊಡನೆಯೇ ಹೆಣಗಿದ್ದಾರೆ. ಅವರು ಗೆದ್ದ, ಸೋತ ಕಥೆಯನ್ನು ತಿಳಿದರೆ ನಿಮ್ಮ ಆಯ್ಕೆ ಎಷ್ಟೋ ಹಗುರವಾದೀತು.

ಅಮೆರಿಕದ ಅಲನ್ ಕೇ ಎಂಬ ವಿಜ್ಞಾನಿ 1972ರಲ್ಲಿ ಪುಸ್ತಕದಷ್ಟು ಚಿಕ್ಕದಾದ, ಮಕ್ಕಳೂ ಬಳಸಬಹುದಾದ ಗಣಕದ ಕಲ್ಪನೆಯನ್ನು ಬರೆದಿಟ್ಟರು. ಆಗ ಅದು ಬರಿಯ ಕನಸು. 1981ರಲ್ಲಿ ಆಡಮ್ ಆಸ್ಬಾರ್ನ್ ಎಂಬವರು ಹೊತ್ತೊಯ್ಯಬಹುದಾದ ಗಣಕವನ್ನು ಮಾರುಕಟ್ಟೆಗೆ ತಂದರು. ಈ ಆಸ್ಬಾರ್ನ್ ಬಾಲ್ಯವನ್ನು ಕಳೆದದ್ದು ನಮ್ಮ ನೆರೆಯ ತಿರುವಣ್ಣಾಮಲೆಯಲ್ಲಿ. ಅವರ ಯಂತ್ರದ ಬೆಲೆ 1,795 ಡಾಲರು, ತೂಕ ಸುಮಾರು 11 ಕಿಲೋ, ಪರದೆ ಐದೇ ಅಂಗುಲ. ಒಳಗೆ ಬ್ಯಾಟರಿಯಿಲ್ಲ! ಆದರೂ ಬರವಣಿಗೆಗೂ ಲೆಕ್ಕಕ್ಕೂ ಬೇಕಾದ ತಂತ್ರಾಂಶವನ್ನು ಜೊತೆಗೇ ಕೊಡುತ್ತಿದ್ದುದರಿಂದ ಜನ ಕೊಂಡರು. ಯಂತ್ರಕ್ಕಿಂತ ಅದು ಮಾಡಿಕೊಡುವ ಕೆಲಸವೇ ಮುಖ್ಯವೆಂಬ ಮೊದಲ ಪಾಠ ಇಲ್ಲಿ ಸಿಗುತ್ತದೆ.

ಎರಡನೆಯ ಪಾಠ ನಮ್ಮ ಬೆಂಗಳೂರಿನದೇ. 1998ರಲ್ಲಿ ಅಲ್ಲಿ ನಡೆದ ಒಂದು ವಿಚಾರಗೋಷ್ಠಿಯಲ್ಲಿ, ಬಡ ದೇಶಗಳ ಸಾಮಾನ್ಯ ಜನಕ್ಕೆ ಒಪ್ಪುವ ಗಣಕ ಬೇಕೆಂಬ ಮಾತು ಹುಟ್ಟಿತು. 1999ರಲ್ಲಿ ಸ್ವಾಮಿ ಮನೋಹರ್ ಅವರ ಮುಂದಾಳುತನದಲ್ಲಿ ಏಳು ಜನ ವಿಜ್ಞಾನಿಗಳೂ ತಂತ್ರಜ್ಞರೂ ಸೇರಿ ಒಂದು ನ್ಯಾಸವನ್ನು ಕಟ್ಟಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯವರೂ ಕೈಗೂಡಿಸಿದ ಈ ಯತ್ನದ ಫಲವೇ 2001ರಲ್ಲಿ ಜಗತ್ತಿಗೆ ಪರಿಚಯವಾದ ‘ಸಿಂಪ್ಯೂಟರ್’.

ಅಂಗೈಯಲ್ಲಿ ಹಿಡಿಯುವ ಯಂತ್ರವದು. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಿಂದ ನಡೆಯುತ್ತಿತ್ತು. ಕೀಲಿಮಣೆಗೆ ಬದಲು ಪರದೆಯ ಮೇಲೆ ಕಡ್ಡಿಯಿಂದ ಬರೆಯಬೇಕು. ಓದು ಬಾರದವರಿಗಾಗಿ ಭಾರತೀಯ ಭಾಷೆಗಳ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡನ್ನೂ ಯೋಚಿಸಿದ್ದರು. ಒಬ್ಬರಿಗೆ ಕೊಳ್ಳಲಾಗದಿದ್ದರೆ ಊರಿಗೊಂದು ಯಂತ್ರ, ಆಳಿಗೊಂದು ಚಿಪ್ಪಿನ ಕಾರ್ಡು. ಪಂಚಾಯಿತಿ ರೇಡಿಯೋದ ಸುತ್ತ ಊರು ಕೂಡುತ್ತಿದ್ದಂತೆಯೇ ಇದು. ಸುಮಾರು 9,000 ರೂಪಾಯಿಗೆ ಕೊಡಬೇಕೆಂಬುದು ಅವರ ಗುರಿ.

ಮಾರಾಟಕ್ಕೆ ಬರುವುದು ಮಾತ್ರ ತಡವಾಯಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ ಹೊರಬಂದಾಗ ಬಣ್ಣದ ಪರದೆಯದಕ್ಕೆ ಬೆಲೆ ಹೆಚ್ಚೇ ಆಗಿತ್ತು. ಅಷ್ಟರಲ್ಲಿ ಸಾಮಾನ್ಯ ಗಣಕಗಳೂ ಮೊಬೈಲುಗಳೂ ಅಗ್ಗವಾಗತೊಡಗಿದ್ದವು. 50,000 ಮಾರಬೇಕೆಂದುಕೊಂಡಲ್ಲಿ 2005ರ ಹೊತ್ತಿಗೆ ಮಾರಿದ್ದು ಸುಮಾರು 4,000. ನಮ್ಮ ರಾಜ್ಯದ ಭೂದಾಖಲೆಯ ಕೆಲಸಕ್ಕೆ ಅದು ಒದಗಿತು. ವಿದ್ಯಾರ್ಥಿಯ ಮೇಜನ್ನು ಸೇರಲಿಲ್ಲ. ಉದ್ದೇಶ ಎಷ್ಟು ಉದಾತ್ತವಾದರೂ ಸಮಯ ಮೀರಿದರೆ, ಬೆಲೆ ಏರಿದರೆ, ಯಂತ್ರ ಉಳಿಯದು.

2007ರಲ್ಲಿ ತೈವಾನಿನ ಏಸಸ್ ಕಂಪನಿ ಏಳು ಅಂಗುಲ ಪರದೆಯ, ಒಂದು ಕಿಲೋಗೂ ಕಡಿಮೆ ತೂಕದ ‘ಈ ಪಿಸಿ’ಯನ್ನು ತಂದಿತು. ಅಗ್ಗದ ಪುಟ್ಟ ಲ್ಯಾಪ್‌ಟಾಪುಗಳ ಸುಗ್ಗಿಯೇ ಆಯಿತು. ಆದರೆ ಇಕ್ಕಟ್ಟಾದ ಕೀಲಿಗಳ ಮೇಲೆ ಹತ್ತು ಪುಟ ಬರೆಯುವುದೆಂದರೆ ಬೆರಳಿಗೆ ಶಿಕ್ಷೆ. ಐದಾರು ವರ್ಷಗಳಲ್ಲಿ ಸುಗ್ಗಿ ಮುಗಿಯಿತು. 2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ‘ಆಕಾಶ್’ ಎಂಬ ಟ್ಯಾಬ್ಲೆಟ್ಟನ್ನು ವಿದ್ಯಾರ್ಥಿಗಳಿಗೆಂದೇ ಬಿಡುಗಡೆ ಮಾಡಿತು. ಬೆಲೆಯೇನೋ ಎರಡು ಸಾವಿರ ಚಿಲ್ಲರೆ ರೂಪಾಯಿ. ಯಂತ್ರ ನಿಧಾನ, ಬ್ಯಾಟರಿ ಬೇಗ ಬರಿದು ಎಂಬ ದೂರುಗಳು ಬಂದು, ಮರುವರ್ಷವೇ ಸುಧಾರಿಸಿದ ‘ಆಕಾಶ್ 2’ ತರಬೇಕಾಯಿತು. ಅಗ್ಗವೆಂಬುದು ಬೆಲೆಯ ಚೀಟಿಯಲ್ಲಿಲ್ಲ, ಬಾಳಿಕೆಯಲ್ಲಿದೆ.

ಈ ನಡುವೆ ಕನ್ನಡದ ತೊಡಕು ನೀಗಿದುದು ಸಂತೋಷದ ಸಂಗತಿ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ಬರಹ ಮತ್ತು ನುಡಿ ತಂತ್ರಾಂಶಗಳು, ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತ, ಇವುಗಳಿಂದಾಗಿ ಈಗ ಯಾವ ಯಂತ್ರದಲ್ಲಾದರೂ ಕನ್ನಡ ಬರೆಯಬಹುದು.

ಇನ್ನು ನಿಮ್ಮ ಅಂಗಡಿಯ ಮಾತು. ಬಿ.ಎ., ಬಿ.ಕಾಂ. ಓದುವವರಿಗೆ ಬರೆಯಲು, ಲೆಕ್ಕದ ಹಾಳೆ ತುಂಬಲು, ಪಾಠ ನೋಡಲು ಸಾಧಾರಣ ಯಂತ್ರ ಸಾಕು. ಚಿತ್ರವಿನ್ಯಾಸ, ಎಂಜಿನಿಯರಿಂಗ್ ನಕ್ಷೆಗಳವರಿಗೆ ಸಾಲದು. 8 ಜಿಬಿ ನೆನಪು, 256 ಜಿಬಿ ಎಸ್‌ಎಸ್‌ಡಿ ಇದ್ದರೆ ಮೂರು ವರ್ಷ ದೂಡಬಹುದು. 64 ಜಿಬಿ ಸಂಗ್ರಹದ ಅತಿ ಅಗ್ಗದ ಯಂತ್ರ ಬೇಗ ತುಂಬಿ ಕುಂಟುತ್ತದೆ. ಕೊಳ್ಳುವ ಮುನ್ನ ವಿದ್ಯಾರ್ಥಿಯನ್ನೇ ಕೂಡಿಸಿ ಒಂದು ಪುಟ ಬರೆಸಿರಿ. ಕೀಲಿಗಳು ಕೈಗೆ ಒಪ್ಪುವುವೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ವಿದ್ಯುತ್ತು ಹೋಗಿಬರುವ ಊರಿನವರು ಬ್ಯಾಟರಿ ಎಷ್ಟು ಗಂಟೆ ತಡೆಯುವುದೆಂದೂ, ಕೆಟ್ಟರೆ ಹತ್ತಿರದಲ್ಲಿ ಎಲ್ಲಿ ದುರಸ್ತಿಯೆಂದೂ ಕೇಳಬೇಕು. ಹಳೆಯ ಯಂತ್ರ ಕೊಳ್ಳುವವರು ಮತ್ತೊಂದನ್ನು ನೆನೆಯಬೇಕು: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ನಿಂತಿತು. ಆ ಯಂತ್ರ ವಿಂಡೋಸ್ 11ಕ್ಕೆ ಒಗ್ಗದಿದ್ದರೆ ಲಿನಕ್ಸ್ ಹಾಕಿಸಿ ಬಳಸಬಹುದು.

ನಮ್ಮ ರಾಜ್ಯ ಸರ್ಕಾರ 2020ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪುಗಳನ್ನೂ 2021ರಲ್ಲಿ ಟ್ಯಾಬ್ಲೆಟ್ಟುಗಳನ್ನೂ ಹಂಚಿದ್ದುಂಟು. ಆದ್ದರಿಂದ ಹಣ ಎಣಿಸುವ ಮೊದಲು ಕಾಲೇಜಿನ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಲೇಸು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಹಾಸಿಗೆ ಒಂದೇ ಮಳೆಗಾಲಕ್ಕೆ ಹರಿಯುವಂಥದಾಗಬಾರದು.